ಮಗು ಅಳಬಾರದು ಅನ್ನೋದು ರಿಕ್ವೈರ್‌ಮೆಂಟ್ ಅಲ್ಲ

 

ಇವತ್ತಿನ ವಿಷಯ ಪುಟ್ಟ ಮಕ್ಕಳನ್ನ ಕರ್ಕೊಂಡು ಹೋಗೋ ದೂರದ ವಿಮಾನ ಪ್ರಯಾಣ. ನಮ್ಮಂಥವರ ಮನೆಗಳಿಗೆ ಇದು ಒಂದಲ್ಲ ಒಂದು ದಿನ ಬಂದೇ ಬರುತ್ತೆ. ಆನ್‌ಸೈಟ್ ಸಿಗುತ್ತೆ, ಡಿಪೆಂಡೆಂಟ್ ವೀಸಾ ಆಗುತ್ತೆ, ಮಗುವಿಗೆ ಆಗ ಎಂಟೋ ಹತ್ತೋ ತಿಂಗಳು. ಪುಣೆಯಿಂದ ಮುಂಬೈಗೆ ಕ್ಯಾಬಲ್ಲಿ ನಾಲ್ಕು ಗಂಟೆ, ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 9 ಗಂಟೆ, ಮುಂದೆ ಸ್ಯಾನ್ ಫ್ರಾನ್ಸಿಸ್ಕೋಗೆ ಇನ್ನೂ 11 ಗಂಟೆ. ಕಾಯೋ ಹೊತ್ತೂ ಸೇರಿದ್ರೆ ಒಂದು ದಿನ ದಾಟುತ್ತೆ.

ಟಿಕೆಟ್ ಬುಕ್ ಆದ ಕ್ಷಣದಿಂದ ಮನೇಲಿ ಒಂದೇ ಪ್ರಶ್ನೆ. ವಿಮಾನದಲ್ಲಿ ಮಗು ಅತ್ರೆ? ಸುತ್ತ ಕೂತವರು ಏನಂದ್ಕೊಳ್ತಾರೆ? ನಾನು ಹೇಳೋದು ಇಷ್ಟೇ: ಇಲ್ಲಿ ನಾವು ರಿಕ್ವೈರ್‌ಮೆಂಟನ್ನೇ ತಪ್ಪಾಗಿ ಬರ್ಕೊಂಡಿರ್ತೀವಿ. 'ಮಗು ಅಳಬಾರದು' ಅನ್ನೋದು ಪಕ್ಕದ ಸೀಟಿನವರ ರಿಕ್ವೈರ್‌ಮೆಂಟ್. ನಮ್ಮದು 'ಮಗು ಕ್ಷೇಮವಾಗಿ ತಲುಪಬೇಕು' ಅನ್ನೋದು. ಎರಡೂ ಒಂದೇ ಥರ ಕಾಣುತ್ತೆ, ಆದ್ರೆ ನಿರ್ಧಾರ ತಗೊಳ್ಳೋವಾಗ ಬೇರೆ ಬೇರೆ ಕಡೆಗೆ ಎಳೆಯುತ್ತೆ. ಮೂರು ಉದಾಹರಣೆ ಕೊಡ್ತೀನಿ.

ಮೊದಲನೇದು ಸಿರಪ್. 'ಹೊರಡೋ ಮುಂಚೆ ಒಂದು ಚಮಚ ಕೆಮ್ಮಿನ ಸಿರಪ್ ಹಾಕಿಬಿಡಿ, ಇಳಿಯೋವರೆಗೂ ಮಲಗುತ್ತೆ.' ಈ ಮಾತನ್ನ ನೀವೂ ಕೇಳಿರ್ತೀರಿ. ಪ್ರೀತಿಯಿಂದಲೇ ಹೇಳ್ತಾರೆ. ಆದ್ರೆ ದಯವಿಟ್ಟು ಕೊಡಬೇಡಿ. ನಿದ್ದೆ ತರಿಸೋ ಈ ಸಿರಪ್‌ಗಳಲ್ಲಿ ಇರೋದು ಹಳೇ ಕಾಲದ ಅಲರ್ಜಿ ಔಷಧಿಗಳು. ಅದರಲ್ಲಿ ಒಂದಾದ ಪ್ರೊಮೆಥಜಿನ್ 2 ವರ್ಷದೊಳಗಿನ ಮಕ್ಕಳ ಉಸಿರಾಟವನ್ನ ಪ್ರಾಣಾಪಾಯ ಆಗೋಷ್ಟು ಕುಗ್ಗಿಸಬಹುದು. ಅಮೆರಿಕದಲ್ಲಿ ಅದರ ಲೇಬಲ್ ಮೇಲೇ ಆ ಎಚ್ಚರಿಕೆ ಇದೆ. ನಮ್ಮ ದೇಶದಲ್ಲೂ ಡಿಸೆಂಬರ್ 2023ರಲ್ಲಿ ಔಷಧ ನಿಯಂತ್ರಕರು ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿಸಿ ಮಾಡಿದ ಶೀತದ ಔಷಧಿ ಮೇಲೆ '4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು' ಅಂತ ಬರೀಬೇಕು ಅಂತ ಹೇಳಿದ್ರು. ಇನ್ನು ಕೆಲವು ಮಕ್ಕಳಿಗೆ ಇವು ಉಲ್ಟಾ ಕೆಲಸ ಮಾಡುತ್ತೆ. ನಿದ್ದೆ ಬರೋ ಬದಲು ಚಡಪಡಿಕೆ, ಕಿರುಚಾಟ.

ಜೊತೆಗೆ ಕ್ಯಾಬಿನ್ ಒಳಗಿನ ಗಾಳಿ ಊರಿನ ಗಾಳಿಯಂತಲ್ಲ. ಅದರ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದಲ್ಲಿ ಇರೋಷ್ಟೇ. ಅಂದ್ರೆ ಮುಳ್ಳಯ್ಯನಗಿರಿ ತುದಿಯಲ್ಲೋ ಊಟಿಯಲ್ಲೋ ಕೂತ ಹಾಗೆ. ಆರೋಗ್ಯವಾಗಿರೋ ಮಗು ಇದನ್ನ ತಡ್ಕೊಳ್ಳುತ್ತೆ. ಅದರ ಮೇಲೆ ಉಸಿರನ್ನ ನಿಧಾನ ಮಾಡೋ ಔಷಧಿ ಯಾಕೆ? ಜ್ವರ, ನೋವಿಗೆ ನಿಮ್ಮ ಮಕ್ಕಳ ಡಾಕ್ಟರು ಮಗುವಿನ ತೂಕ ನೋಡಿ ಬರ್ಕೊಟ್ಟ ಔಷಧಿ, ಅದರ ಚೀಟಿ ಕೈಚೀಲದಲ್ಲಿರಲಿ. ಅಷ್ಟು ಸಾಕು.

ಎರಡನೇದು ಕಿವಿ. ಖಂಡಾಲಾ ಘಾಟ್ ಇಳೀವಾಗಲೋ, ಶಿರಾಡಿ ಇಳೀವಾಗಲೋ ಕಿವಿ ಮುಚ್ಕೊಳ್ಳೋದು ನಮಗೆಲ್ಲ ಗೊತ್ತು. ನಾವು ಎಂಜಲು ನುಂಗ್ತೀವಿ, ಟಪ್ ಅಂತ ಬಿಡುತ್ತೆ. ಮಗುವಿಗೆ ಅದು ಗೊತ್ತಿಲ್ಲ. ಮಕ್ಕಳಲ್ಲಿ ಕಿವಿಯಿಂದ ಗಂಟಲಿಗೆ ಹೋಗೋ ನಾಳವೂ ಸಣ್ಣದು. ವಿಮಾನ ಏರುವಾಗ ಕಿವಿಯೊಳಗಿನ ಗಾಳಿ ತಾನಾಗಿ ಹೊರಗೆ ಬರುತ್ತೆ. ಇಳೀವಾಗ ಹೊರಗಿನ ಗಾಳಿ ಒಳಗೆ ಹೋಗ್ಬೇಕು, ಅದೇ ಕಷ್ಟ. ಅದಕ್ಕೇ ಟೇಕಾಫ್‌ಗಿಂತ ಲ್ಯಾಂಡಿಂಗ್ ಹೊತ್ತಲ್ಲಿ ಅಳು ಜಾಸ್ತಿ.

ಬಹಳ ಜನ ಟೇಕಾಫ್ ಆಗೋವಾಗಲೇ ಮಗು ಸುಮ್ಮನಿರಲಿ ಅಂತ ಹಾಲೆಲ್ಲ ಕುಡಿಸಿ ಮುಗಿಸ್ತಾರೆ. ಆಮೇಲೆ ಇಳೀವಾಗ ಕೊಡೋಕೆ ಹೋದ್ರೆ ಮಗು ಬಾಯೇ ತೆರೆಯೋದಿಲ್ಲ. ಇಳಿಯೋದು ಶುರುವಾಗೋದು ಚಕ್ರ ನೆಲ ಮುಟ್ಟೋಕೆ ಸುಮಾರು ಅರ್ಧ ಗಂಟೆ ಮುಂಚೆ. ಆ ಅನೌನ್ಸ್‌ಮೆಂಟ್ ಬಂದ ತಕ್ಷಣ ಮಗುವನ್ನ ಎಬ್ಬಿಸಿ, ಎದೆಹಾಲೋ ಬಾಟಲಿನೋ ಸ್ವಲ್ಪ ಸ್ವಲ್ಪವಾಗಿ ಕೊಡ್ತಾ ಬನ್ನಿ. ದೊಡ್ಡ ಮಗುವಿಗೆ ಸ್ಟ್ರಾದಲ್ಲಿ ನೀರು. ಮಲಗಿದ್ದನ್ನ ಎಬ್ಬಿಸೋಕೆ ಯಾರಿಗೂ ಮನಸ್ಸು ಬರಲ್ಲ, ಆದ್ರೆ ನಿದ್ದೆಯಲ್ಲಿ ನುಂಗೋದು ಕಡಿಮೆ. ಇನ್ನು ಅತ್ತರೂ ಗಾಬರಿ ಆಗಬೇಡಿ. ಅಳುವಾಗಲೂ ಮಗು ನುಂಗುತ್ತೆ, ಕಿವಿ ಬಿಡೋಕೆ ಅದೂ ಸಹಾಯ. ಶೀತ, ಕಿವಿ ಸೋರೋದು ಏನಾದ್ರೂ ಇದ್ರೆ ಹೊರಡೋ ಮುಂಚೆ ಡಾಕ್ಟರಿಗೆ ತೋರಿಸಲೇಬೇಕು.

ಮೂರನೇದು ಸೀಟು. ಇದನ್ನ ಹೇಳೋದು ಸ್ವಲ್ಪ ಕಷ್ಟ, ಯಾಕಂದ್ರೆ ಇದರಲ್ಲಿ ದುಡ್ಡಿದೆ. 2 ವರ್ಷದೊಳಗಿನ ಮಗು ಮಡಿಲಲ್ಲೇ ಹೋಗಬಹುದು. ಅಂತಾರಾಷ್ಟ್ರೀಯ ವಿಮಾನಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ 10%ನಷ್ಟು ತಗೊಳ್ತಾರೆ. ಬೇರೆ ಸೀಟು ತಗೊಂಡ್ರೆ ಅದರ ಎಷ್ಟೋ ಪಟ್ಟು.

1989ರ ಜುಲೈ 19ರಂದು ಡೆನ್ವರ್‌ನಿಂದ ಶಿಕಾಗೋಗೆ ಹೊರಟಿದ್ದ ಯುನೈಟೆಡ್ 232 ವಿಮಾನ ಸೂ ಸಿಟಿಯಲ್ಲಿ ತುರ್ತಾಗಿ ಇಳೀವಾಗ ನೆಲಕ್ಕೆ ಅಪ್ಪಳಿಸಿತು. ಒಳಗಿದ್ದ 296 ಜನರಲ್ಲಿ 112 ಜನ ತೀರಿಕೊಂಡ್ರು. ವಿಮಾನದಲ್ಲಿ ನಾಲ್ಕು ಮಡಿಲಿನ ಮಕ್ಕಳಿದ್ರು. ಅವರಿಗೆ ಸೀಟಿಲ್ಲ. ಆಗಿನ ಪದ್ಧತಿ ಪ್ರಕಾರ ಮಕ್ಕಳನ್ನ ನೆಲದ ಮೇಲೆ ಮಲಗಿಸಿ ಗಟ್ಟಿಯಾಗಿ ಹಿಡ್ಕೊಳ್ಳಿ ಅಂದ್ರು. ಅಂಥ ಹೊಡೆತಕ್ಕೆ ಕೈಯ ಹಿಡಿತ ಸಾಲಲ್ಲ. ಒಂದು ಮಗು ಉಳೀಲಿಲ್ಲ. ಆಮೇಲಿಂದ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ, ಪ್ರತಿ ಮಗುವಿಗೂ ಸೀಟು ಕಡ್ಡಾಯ ಮಾಡಿ ಅಂತ ಕೇಳ್ತಾನೇ ಇದೆ. ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಮಾಡಿಲ್ಲ. ಅವರ ವಾದ ಏನಂದ್ರೆ, ಟಿಕೆಟ್ ದುಬಾರಿ ಆದ್ರೆ ಜನ ಕಾರಲ್ಲಿ ಹೋಗ್ತಾರೆ, ರಸ್ತೆಯಲ್ಲಿ ಅಪಾಯ ಇನ್ನೂ ಜಾಸ್ತಿ. ಅವರ ದೇಶದೊಳಗೆ ಈ ಲೆಕ್ಕ ಸರಿ ಇರಬಹುದು. ಆದ್ರೆ ಮುಂಬೈಯಿಂದ ಕ್ಯಾಲಿಫೋರ್ನಿಯಾಗೆ ಯಾರೂ ಕಾರಲ್ಲಿ ಹೋಗಲ್ಲ. ಅದಕ್ಕೇ ಆ ಸಮಾಧಾನ ನಮಗೆ ಒಪ್ಪೋದಿಲ್ಲ. ಅದೇ ಎಫ್‌ಎಎ ಕೂಡ, ಮಗುವಿಗೆ ಮಡಿಲಿಗಿಂತ ಅದರದ್ದೇ ಸೀಟಲ್ಲಿ ಕಟ್ಟಿದ ಕಾರ್ ಸೀಟೇ ಸುರಕ್ಷಿತ ಅಂತ ಹೇಳುತ್ತೆ.

ಇಂಥ ಅಪಘಾತ ತೀರಾ ಅಪರೂಪ. ಆದ್ರೆ ಟರ್ಬ್ಯುಲೆನ್ಸ್ ಅಪರೂಪ ಅಲ್ಲ. ಕೈಲಾದ್ರೆ ಸೀಟು ತಗೊಳ್ಳಿ, ವಿಮಾನದಲ್ಲಿ ಬಳಸಬಹುದು ಅಂತ ಗುರುತಿರೋ ಕಾರ್ ಸೀಟು ಒಯ್ಯಿರಿ, ಏರ್‌ಲೈನ್‌ಗೆ ಮೊದಲೇ ಕೇಳಿ. ಎಲ್ಲರಿಗೂ ಆಗಲ್ಲ, ಅದು ನನಗೂ ಗೊತ್ತು. ಆಗ ಕನಿಷ್ಠ ಇಷ್ಟು ಮಾಡಿ. ಸೀಟ್‌ಬೆಲ್ಟ್ ದೀಪ ಹತ್ತಿದ ಕೂಡಲೇ ಮಗುವನ್ನ ಬ್ಯಾಸಿನೆಟ್‌ನಿಂದ ಎತ್ಕೊಳ್ಳಿ, ಮಲಗಿದ್ರೂ ಸರಿ. 'ಎಬ್ಬಿಸಿದ್ರೆ ಅಳುತ್ತೆ' ಅಂತ ಸಿಬ್ಬಂದಿ ಜೊತೆ ವಾದ ಮಾಡೋರನ್ನ ನೋಡಿದೀನಿ. ಅಳಲಿ ಬಿಡಿ. ಮಗುವಿಗೆ ಅಂತ ಕೊಡೋ ಪುಟ್ಟ ಬೆಲ್ಟ್ ಇದ್ರೆ ಅದನ್ನ ಹಾಕಿ. ನಿಮ್ಮ ಬೆಲ್ಟ್ ಒಳಗೆ ಮಾತ್ರ ಮಗುವನ್ನ ಸೇರಿಸಬೇಡಿ. ಜೋರಾಗಿ ಜಗ್ಗಿದ್ರೆ ನಿಮ್ಮ ಮೈಭಾರವೆಲ್ಲ ಮಗುವಿನ ಮೇಲೇ ಬೀಳುತ್ತೆ.

ಕೆಲವು ಸಣ್ಣ ವಿಷಯ. ಬ್ಯಾಸಿನೆಟ್‌ಗೆ ತೂಕದ ಮಿತಿ ಇದೆ, ಬಹಳಷ್ಟು ಕಡೆ 10-11 ಕಿಲೋ ಆಸುಪಾಸು. ಟಿಕೆಟ್ ಆದ ದಿನವೇ ಫೋನ್ ಮಾಡಿ ಹೇಳಿಡಿ. ಮಗುವಿಗೆ ವಾಪಸ್ ಬರೋಷ್ಟರಲ್ಲಿ 2 ವರ್ಷ ತುಂಬಿದ್ರೆ ಆ ಕಡೆಯ ಪ್ರಯಾಣಕ್ಕೆ ಸೀಟು ತಗೊಳ್ಳಲೇಬೇಕು. ಸ್ಟ್ರೋಲರ್ ನಡುವಿನ ಏರ್‌ಪೋರ್ಟಲ್ಲಿ ಸಿಗುತ್ತೋ, ಕೊನೇ ಊರಲ್ಲೋ ಅಂತ ಗೇಟಲ್ಲೇ ಕೇಳಿ. ಗಂಡ ಮೊದಲೇ ಹೋಗಿ, ಹೆಂಡತಿ ಮಗು ಜೊತೆ ಒಬ್ಬರೇ ಹೋಗೋದು ನಮ್ಮಲ್ಲಿ ಸಾಮಾನ್ಯ. ಅವರಿಗೆ ಸ್ಟ್ರೋಲರ್‌ಗಿಂತ ಎದೆಗೆ ಕಟ್ಟೋ ಕ್ಯಾರಿಯರ್ ವಾಸಿ, ಎರಡೂ ಕೈ ಖಾಲಿ ಇರುತ್ತೆ. ಮಗುವಿನ ಹಾಲು, ಆಹಾರಕ್ಕೆ 100 ಎಂಎಲ್ ನಿಯಮದಿಂದ ವಿನಾಯಿತಿ ಇದೆ, ತಪಾಸಣೆಯವರಿಗೆ ತೆಗೆದು ತೋರಿಸಿ. ರಾಗಿ ಸರಿ ಪುಡಿ ಇದ್ರೆ ಸಿಬ್ಬಂದಿ ಬಿಸಿನೀರು ಕೊಡ್ತಾರೆ. ಕುದಿಯೋಷ್ಟು ಬಿಸಿ ಇರುತ್ತೆ, ಆರಿಸಿ ಕೊಡಿ. ಇಬ್ಬರೂ ಇದ್ರೆ ಮೂರು ಮೂರು ಗಂಟೆ ಪಾಳಿ ಹಾಕ್ಕೊಳ್ಳಿ. ಆಫೀಸಲ್ಲಿ ಆನ್-ಕಾಲ್ ಮಾಡೋ ಗಂಡಸರಿಗೆ ಇದೇನೂ ಹೊಸದಲ್ಲ. ತಾಯಿ ಒಬ್ಬಳೇ ಇಪ್ಪತ್ತು ಗಂಟೆ ಎಚ್ಚರ ಇದ್ರೆ, ಇಳಿದ ಮೇಲೆ ಮಗುವನ್ನ ನೋಡ್ಕೊಳ್ಳೋಕೆ ಯಾರಿಗೂ ಶಕ್ತಿ ಉಳಿಯಲ್ಲ.

ಕೊನೇ ಮಾತು ಮಕ್ಕಳಿಲ್ಲದೆ ಪ್ರಯಾಣ ಮಾಡೋರಿಗೆ. ರಾತ್ರಿ ಎರಡು ಗಂಟೆಗೆ ಮುಂಬೈಯಿಂದ ಹೊರಡೋ ಆ ವಿಮಾನದಲ್ಲಿ ಅರ್ಧ ಜನ ನಮ್ಮಂಥವರೇ. ಲ್ಯಾಪ್‌ಟಾಪ್ ಬ್ಯಾಗು, ಮರುದಿನ ಕ್ಲೈಂಟ್ ಮೀಟಿಂಗು. ಆ ತಾಯಿ ಹೆದರೋ 'ನಾಲ್ಕು ಜನ' ಅಂದ್ರೆ ನಾವೇ. ನಾವು ಒಂದು ಸಲ ತಿರುಗಿ ನೋಡಿದ್ರೆ ಆಕೆಯ ಕೈ ಸಿರಪ್ ಬಾಟಲಿ ಕಡೆ ಹೋಗಬಹುದು. 'ಪರವಾಗಿಲ್ಲ ಕಣಮ್ಮಾ, ಮಗು ಅಲ್ವಾ, ಅಳಲಿ' ಅಂದ್ರೆ ಆಕೆ ನೆಮ್ಮದಿಯಾಗಿ ಮಗುವಿಗೆ ಏನು ಬೇಕೋ ಅದನ್ನ ಮಾಡ್ತಾರೆ. ನಮಗೆ ಖರ್ಚಾಗೋದು ಒಂದು ಇಯರ್‌ಪ್ಲಗ್ ಅಷ್ಟೇ.

ಎಲ್ಲರ ಪ್ರಯಾಣವೂ ಸುಖಕರವಾಗಿರಲಿ.