ಮನೆಯ ಹಿರಿಯರೂ ಮೊಬೈಲು ದೂರವಾಣಿಯೂ



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಕಲ್ಯಾಣವಷ್ಟೇ ಅಲ್ಲ; ಮನೆಯ ಹಿರಿಯರ ಕಲ್ಯಾಣವೂ ಹೌದು. ಇಂದು ಸಂಧ್ಯಾ ಸುರಕ್ಷಾ ವೇತನವು ನೇರವಾಗಿ ಅವರ ಖಾತೆಗೆ ಜಮೆಯಾಗುತ್ತದೆ. ಇ-ಸಂಜೀವಿನಿಯ ಮೂಲಕ ಮನೆಯಿಂದಲೇ ವೈದ್ಯರ ಸಲಹೆಯನ್ನು ಉಚಿತವಾಗಿ ಪಡೆಯಬಹುದು. ಮೊಬೈಲು ಬಳಸಲು ಬಾರದ ಹಿರಿಯರು ಇವೆಲ್ಲಕ್ಕೂ ಪರರ ಮುಖ ನೋಡಬೇಕಾಗುತ್ತದೆ.

“ವಯಸ್ಸಾದವರಿಗೆ ಇದು ತಿಳಿಯದು” ಎನ್ನಬೇಡಿರಿ. ತೊಡಕು ಅನೇಕ ವೇಳೆ ಬುದ್ಧಿಯದಲ್ಲ, ದೇಹದ್ದು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ, ಚಳ್ಳಕೆರೆಯಲ್ಲಿ ಕಂಬಳಿ ನೇಯ್ದ ಬೆರಳುಗಳ ಗೆರೆ ಸವೆದಿದ್ದರೆ ಯಂತ್ರವು ಅದನ್ನು ಗುರುತಿಸದಿರಬಹುದು. ಆಗ ಕಣ್ಣಿನ ಅಥವಾ ಮುಖದ ಗುರುತು ಕೊಡಿಸಿರಿ. ಅಕ್ಷರ ಕಾಣದಿದ್ದರೆ ಕಣ್ಣು ಪರೀಕ್ಷೆ ಮಾಡಿಸಿರಿ; ಪೊರೆಯ ಶಸ್ತ್ರಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಮೊಬೈಲಿನ ಅಕ್ಷರವನ್ನು ದೊಡ್ಡದು ಮಾಡಿರಿ, ಧ್ವನಿಯನ್ನು ಏರಿಸಿರಿ. ದಿನಕ್ಕೊಂದೇ ಕೆಲಸ ಕಲಿಸಿರಿ. ನೀವು ಒತ್ತದೆ ಅವರಿಂದಲೇ ಒತ್ತಿಸಿರಿ. ಓಟಿಪಿ ಹಾಗೂ ಗುಪ್ತ ಸಂಖ್ಯೆಯನ್ನು ಯಾರು ಕೇಳಿದರೂ ಹೇಳಬಾರದೆಂದು ಮನದಟ್ಟು ಮಾಡಿಸಿರಿ. ಮೋಸದಿಂದ ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿರಿ. ಮಗನಾಗಲಿ ಸೊಸೆಯಾಗಲಿ, ಅವರ ಒಪ್ಪಿಗೆಯಿಲ್ಲದೆ ಅವರ ಹಣವನ್ನು ಮುಟ್ಟಬಾರದು.

ಹಿರಿಯರಿಗೆ ತಾಳ್ಮೆಯಿಂದ ಕಲಿಸುವ ಮನೆಯಲ್ಲಿ ಮಕ್ಕಳೂ ತಾಳ್ಮೆಯನ್ನು ಕಲಿಯುವರು. ಇಂದು ಸಂಜೆಯೇ ಮೊದಲ ಪಾಠ ಆರಂಭವಾಗಲಿ.