ಹಿತ್ತಿಲ ಮಲ್ಲಗಂಬ

ಸ್ತಂಭ ಶಬ್ದದ ತದ್ಭವ ಕಂಬ. ಮಲ್ಲನೊಡನೆ ಸಮಾಸವಾದಾಗ ಅದರ ಕಕಾರ ಗಕಾರವಾಗಿ ಮಲ್ಲಗಂಬವಾಗುತ್ತದೆ. ಮಲ್ಲಕಂಬವೆಂದು ಬರೆಯುವವರೂ ಉಂಟು. ಅದರಿಂದ ಕಂಬಕ್ಕೇನೂ ಬಾಧಕವಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಮಲ್ಲವಿನೋದದಲ್ಲಿ, ಜಟ್ಟಿಗಳು ಕಂಬದ ಮೇಲೆ ಮಾಡುವ ಸಾಧನೆಯ ಪ್ರಸ್ತಾಪವಿದೆ. ಕಾಲಾಂತರದಲ್ಲಿ ಮಸುಕಾದ ಈ ವಿದ್ಯೆಗೆ ಎರಡನೆಯ ಬಾಜೀರಾಯ ಪೇಶ್ವೆಯ ಕಾಲದ ಬಾಳಂಭಟ್ಟ ದಾದಾ ದೇವಧರರು ಮರುಜೀವ ಕೊಟ್ಟರು. ೧೯೮೧ರಲ್ಲಿ ಉಜ್ಜಯಿನಿಯಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ನಮ್ಮ ಕಡೆ ಲಕ್ಷ್ಮೇಶ್ವರ, ತುಳಸಿಗೇರಿಗಳ ಹೆಸರನ್ನು ಈ ವಿದ್ಯೆಯ ಸಂಗಡ ಕೇಳಿದವರು ಅನೇಕರಿದ್ದೀರಿ. ಚರಿತ್ರೆ ಇಷ್ಟು ಸಾಕು. ನಾನಿಂದು ಹೇಳಹೊರಟಿರುವುದು ಕಂಬವನ್ನು ನೆಡುವ ಕೆಲಸದ ವಿಚಾರ.

ನನ್ನ ಮೊಮ್ಮಗಳಿಗೆ ಹನ್ನೊಂದು ವರ್ಷ. ಬಹುಕಾಲ ಹೆಣ್ಣುಮಕ್ಕಳಿಗೆ ಹಗ್ಗದ ಮಲ್ಲಗಂಬವೇ ಮೀಸಲೆಂಬ ರೂಢಿಯಿತ್ತು. ಇವಳಿಗೆ ಹಗ್ಗ ಸಾಲದು, ಕಂಬವೇ ಬೇಕು. ಅದೂ ನಮ್ಮ ಹಿತ್ತಿಲಲ್ಲೇ. ಕೆಡವಿದ ತೊಟ್ಟಿಮನೆಯ ತೇಗದ ಕಂಬವೊಂದು ಕೊಟ್ಟಿಗೆಯಲ್ಲಿ ಮಲಗಿತ್ತು. ನನ್ನ ತಂದೆಯವರು ಅದಕ್ಕೊರಗಿ ಕುಳಿತು ಪಂಚಾಂಗ ನೋಡುತ್ತಿದ್ದರು. ಅದೇ ಆಗಲೆಂದು ನನ್ನ ಮನಸ್ಸು. ಬಡಗಿ ಆಚಾರ್ಯರು ಬಂದು ಅದನ್ನು ಹೊರಳಿಸಿ, ಬಾಚಿಯ ಹಿಂಬದಿಯಿಂದ ಉದ್ದಕ್ಕೂ ತಟ್ಟಿ ನೋಡಿದರು.

"ಮೇಷ್ಟ್ರೇ, ಇದು ಮಾಳಿಗೆ ಹೊತ್ತ ಕಂಬ. ತಲೆಯ ಮೇಲಿನ ಭಾರವನ್ನು ನೂರು ವರ್ಷ ತಡೆದೀತು. ಮಗು ತುದಿಯಲ್ಲಿ ಜೋತು ಬಿದ್ದು ಪಕ್ಕಕ್ಕೆ ಜಗ್ಗಿದರೆ ತಡೆಯುವುದಿಲ್ಲ. ತೊಲೆ ಕೂರಿಸಿದ ತೂತು ಇಲ್ಲಿದೆ ನೋಡಿ, ಸರಿಯಾಗಿ ನೆಲಮಟ್ಟಕ್ಕೆ ಬರುತ್ತದೆ" ಎಂದರು.

ಆ ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ನೆಟ್ಟ ಕಂಬದ ತುದಿಯನ್ನು ಪಕ್ಕಕ್ಕೆ ಎಳೆದರೆ ಅದು ಸನ್ನೆಗೋಲಿನಂತೆ ವರ್ತಿಸುತ್ತದೆ. ಬಾಗಿಸುವ ಒತ್ತಡ ಅತಿ ಹೆಚ್ಚಾಗುವುದು ಕಂಬವು ನೆಲವನ್ನು ಹೊಗುವ ಎಡೆಯಲ್ಲಿ. ಮರ ಬೇಗ ಕೊಳೆಯುವುದೂ ಅಲ್ಲಿಯೇ, ಏಕೆಂದರೆ ತೇವ, ಗಾಳಿ ಎರಡೂ ಕೂಡುವ ಜಾಗ ಅದು. ಒಂದೇ ಗೇಣಿನಲ್ಲಿ ಎರಡು ಶತ್ರುಗಳು! ದಪ್ಪವನ್ನು ಅರ್ಧಕ್ಕಿಳಿಸಿದರೆ ದುಂಡುಮರದ ಬಾಗದಿರುವ ಬಲ ಅರ್ಧವಾಗುವುದಿಲ್ಲ, ಎಂಟರಲ್ಲೊಂದು ಪಾಲಾಗುತ್ತದೆ. ಆದ್ದರಿಂದ, ಮಗುವಿನ ಹಿಡಿತಕ್ಕೆ ಸಣ್ಣದಿರಲೆಂದು ಬುಡವನ್ನು ಕೆತ್ತಿಸುವುದಕ್ಕೆ ಆಚಾರ್ಯರು ಸುತರಾಂ ಒಪ್ಪಲಿಲ್ಲ.

ತಂದೆಯವರ ಕಂಬ ಈಗ ಬಾವಿಕಟ್ಟೆಯ ಬಳಿ ಕೂರುವ ಹಾಸಾಗಿದೆ. ನಾಟಾ ಡಿಪೋದಿಂದ ಚೆನ್ನಾಗಿ ಒಣಗಿದ, ಗಂಟಿಲ್ಲದ ತೇಗದ ದಿಮ್ಮಿಯನ್ನು ತರಿಸಿದೆವು. ಹೊರಗಿನ ಬಿಳಿಯ ಮರವನ್ನೆಲ್ಲ ಬಾಚಿಯಿಂದ ತೆಗೆದು ಚೇಗನ್ನು ಮಾತ್ರ ಉಳಿಸಿದರು. ಗೆದ್ದಲಿಗೆ ಮೊದಲ ತುತ್ತು ಆ ಬಿಳಿಯ ಭಾಗವೇ. ನೆಲದಿಂದ ಮೇಲಕ್ಕೆ ೮½ ಅಡಿ, ಒಳಕ್ಕೆ ೩½ ಅಡಿ. ಸುತ್ತಳತೆ ಬುಡದಲ್ಲಿ ಸುಮಾರು ೫೫ ಸೆಂಟಿಮೀಟರ್, ಮೇಲೆ ಹೋದಂತೆ ಇಳಿದು ಸುಮಾರು ೩೫. ಆಮೇಲೆ ಸಣ್ಣ ಕುತ್ತಿಗೆ, ಅದರ ತುದಿಗೆ ಗುಂಡನೆಯ ತಲೆ. ಕೀಸುಳಿ ಹಿಡಿದು, ಉಪ್ಪುಕಾಗದದಲ್ಲಿ ಉಜ್ಜಿ, ಅಂಗೈ ಸವರಿದರೆ ಒಂದು ಸಿಬಿರೂ ಸಿಕ್ಕದಂತೆ ಮಾಡಲು ಎರಡು ದಿನ ಹಿಡಿಯಿತು. ಬಣ್ಣ, ವಾರ್ನಿಷ್ ಯಾವುದೂ ಕೂಡದು. ಹರಳೆಣ್ಣೆಯನ್ನೇ ಮತ್ತೆ ಮತ್ತೆ ಕುಡಿಸಬೇಕು. ಬರಿ ಮೈ ಮರಕ್ಕೆ ಉಜ್ಜುವಾಗಿನ ಉರಿ ಅದರಿಂದ ತಗ್ಗುತ್ತದೆ.

ಗುಂಡಿಯ ತಳಕ್ಕೆ ಜಲ್ಲಿ. ಹೂಳುವ ಭಾಗಕ್ಕೆ ಡಾಂಬರು. ಸುತ್ತ ಜಲ್ಲಿ, ಮಣ್ಣುಗಳನ್ನು ಪದರಪದರವಾಗಿ ಹಾಕಿ ದಮ್ಮಸು ಮಾಡಿದೆವು. ಸಿಮೆಂಟಿನ ಬಟ್ಟಲು ಕಟ್ಟಿ ಅದರೊಳಗೆ ಕಂಬ ನಿಲ್ಲಿಸುವವರಿದ್ದಾರೆ. ಮರ ಒಣಗಿ ಸಣ್ಣದಾದ ಮೇಲೆ ಸಂದಿನಲ್ಲಿ ಮಳೆನೀರು ನಿಂತು, ಕಾಣದಂತೆ ಬುಡವನ್ನು ತಿನ್ನುತ್ತದೆ. ಮೇಲ್ಮಣ್ಣು ಕಂಬದಿಂದ ಹೊರಕ್ಕೆ ಇಳಿಜಾರಾಗಿದ್ದರೆ ಸಾಕು, ನೀರು ಹರಿದುಹೋಗುತ್ತದೆ. ಬಿದ್ದರೆ ಮೆತ್ತಗಿರಲೆಂದು ಸುತ್ತಲೂ ಏಳಡಿಯ ಗಟ್ಟಿನೆಲವನ್ನು ಅಗೆದು ಮರಳು ತುಂಬಿದೆವು. ಬುಡದ ಇಳಿಜಾರನ್ನು ಮಾತ್ರ ಮುಟ್ಟಲಿಲ್ಲ. ಇದಕ್ಕಾಗಿ ಒಗೆಯುವ ಕಲ್ಲನ್ನು ಸರಿಸಬೇಕಾಯಿತು. ನಮ್ಮ ಮನೆಯವರು ಒಂದು ವಾರ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಮೊಮ್ಮಗಳು ಮೊದಲ ಸಲ ತಲೆಕೆಳಗಾಗಿ ಜೋತಾಡಿದಾಗ ಕಣ್ಣು ಮುಚ್ಚಿಕೊಂಡವರೂ ಅವರೇ, ಇನ್ನೊಮ್ಮೆ ಮಾಡೆಂದವರೂ ಅವರೇ.

ಕಲಿಸುವವರು ಎದುರಿಗಿಲ್ಲದೆ ಏರಕೂಡದೆಂಬುದು ನಮ್ಮ ಮನೆಯ ಕಟ್ಟಳೆ. ಇನ್ನೊಂದು ಕಟ್ಟಳೆ ನನಗೆ. ವರ್ಷವರ್ಷವೂ ಮಳೆಗಾಲ ಕಳೆದ ಮೇಲೆ ಬುಡದ ಮಣ್ಣನ್ನು ಒಂದಡಿ ಬಗೆದು, ಚೂಪಾದ ಮೊಳೆಯಿಂದ ಸುತ್ತಲೂ ಚುಚ್ಚಿ ನೋಡತಕ್ಕದ್ದು. ಮೊಳೆ ಸಲೀಸಾಗಿ ಒಳಕ್ಕಿಳಿದರೆ ಅಂದೇ ಕಂಬವನ್ನು ಕಿತ್ತುಹಾಕಬೇಕು, ಮಗು ಎಷ್ಟೇ ಅತ್ತರೂ.