ವೈದ್ಯರ ಮೇಜೂ ಗಣಕಯಂತ್ರವೂ
(ಸಾಂತಾಕ್ರೂಜ್‌ನಲ್ಲಿ ರಾಜ್ಯೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದ ಗುಮಾಸ್ತ. ವೈದ್ಯಕೀಯದ ಮಾತಾಡಲು ನಿನಗೇನು ಅಧಿಕಾರವೆಂದು ತಾವು ಕೇಳಬಹುದು. ರೋಗಿಯೊಬ್ಬರ ಮಗನೆಂಬ ಅಧಿಕಾರ, ಅಷ್ಟೆ.

ಎರಡು ವರ್ಷಗಳ ಹಿಂದೆ, ಊರಿನಿಂದ ಬಂದಿದ್ದ ನನ್ನ ತಂದೆಯವರಿಗೆ ಒಂದು ರಾತ್ರಿ ಜ್ವರವೇರಿತು. ಆಸ್ಪತ್ರೆಯಲ್ಲಿ ಡಾಕ್ಟರರು, "ಇವರಿಗೆ ಒಗ್ಗದ ಔಷಧ ಯಾವುದಾದರೂ ಉಂಟೆ?" ಎಂದು ಕೇಳಿದರು. ಹಿಂದೊಮ್ಮೆ ಯಾವುದೋ ಇಂಜೆಕ್ಷನ್ನಿನಿಂದ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದ್ದು ನನಗೆ ನೆನಪಿತ್ತು. ಔಷಧದ ಹೆಸರು ನೆನಪಿರಲಿಲ್ಲ. ಚೀಟಿ ಊರಿನ ಕಪಾಟಿನಲ್ಲಿತ್ತು. ನಡುರಾತ್ರಿ ತಾಯಿಯವರನ್ನು ಫೋನಿನಲ್ಲಿ ಎಬ್ಬಿಸಿದೆ. ಅವರು ಕನ್ನಡಕ ಹುಡುಕಿ, ಆ ಬರಹವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಓದುವತನಕ ಕಳೆದ ಇಪ್ಪತ್ತು ನಿಮಿಷಗಳನ್ನು ನಾನು ಮರೆಯಲಾರೆ. ಅದು ಪೆನಿಸಿಲಿನ್. ದೇವರ ದಯೆ, ತಂದೆಯವರು ಉಳಿದರು.

ಊರ ಶಾಖೆಯಲ್ಲಿರುವ ಖಾತೆಯ ಲೆಕ್ಕ ಸಾಂತಾಕ್ರೂಜಿನಲ್ಲಿ ಕ್ಷಣಾರ್ಧದಲ್ಲಿ ಸಿಗುತ್ತದೆ. ಹಣದ ಲೆಕ್ಕ ಸಿಗುವಾಗ ಪ್ರಾಣದ ಲೆಕ್ಕವೇಕೆ ಸಿಗದು?

ಈ ಪ್ರಶ್ನೆಯನ್ನು ನಮ್ಮ ಮನೆಯ ಡಾಕ್ಟರರ ಮುಂದಿಟ್ಟೆ. ಅವರದು ಒಂದೇ ಕೋಣೆಯ ದವಾಖಾನೆ. ಅವರು ನಕ್ಕು, "ನೀನು ಲೆಕ್ಕದವನಲ್ಲವೇ? ಸಂಜೆಗೆ ಅರವತ್ತು ಮಂದಿ ಬರುತ್ತಾರೆ. ಒಬ್ಬರಿಗೆ ಎರಡೇ ನಿಮಿಷ ಟೈಪು ಮಾಡಿದರೂ ಎರಡು ಗಂಟೆ. ಅದನ್ನು ಎಲ್ಲಿಂದ ತರಲಿ? ರೋಗಿಯ ಮುಖ ನೋಡಲೋ, ಪರದೆ ನೋಡಲೋ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಬ್ಯಾಂಕುಗಳಿಗೂ ಯಂತ್ರ ಸುಮ್ಮನೆ ಬರಲಿಲ್ಲ. 1984ರಲ್ಲಿ ರಂಗರಾಜನ್ ಸಮಿತಿ ವರದಿ ಕೊಟ್ಟಿತು. ಕೆಲಸ ಹೋದೀತೆಂಬ ಭಯ ನೌಕರರಿಗಿತ್ತೆಂದು ಹಿರಿಯರು ಹೇಳುತ್ತಾರೆ. ಆದರೆ ಅಲ್ಲಿ ಖರ್ಚೂ ಬ್ಯಾಂಕಿನದೇ, ಲಾಭವೂ ಬ್ಯಾಂಕಿನದೇ. ದವಾಖಾನೆಯಲ್ಲಿ ಹಾಗಲ್ಲ. ಬರೆದಿಡುವ ಶ್ರಮ ನಮ್ಮ ಡಾಕ್ಟರರದು. ಅದರ ಅನುಕೂಲ ನಾಳೆ ಇನ್ನಾವುದೋ ಆಸ್ಪತ್ರೆಯ ಡಾಕ್ಟರರದು. ಮುಖ್ಯ ತೊಡಕು ಇದೇ ಎಂದು ನನ್ನ ಅಲ್ಪಮತಿಗೆ ತೋರುತ್ತದೆ.

ಬೇರೆ ತೊಡಕುಗಳೂ ಉಂಟು. ಒಂದು ಆಸ್ಪತ್ರೆಯ ಯಂತ್ರದ ಮಾತು ಇನ್ನೊಂದರದಕ್ಕೆ ತಿಳಿಯದು. ಇದಕ್ಕೆಂದೇ ಸರಕಾರ 2013ರಲ್ಲಿ ನಿಯಮಗಳನ್ನು ಹೊರಡಿಸಿ 2016ರಲ್ಲಿ ತಿದ್ದಿತು. ಕಳ್ಳತನದ ಭಯವೂ ಇದೆ: 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಜಾಲಕ್ಕೆ ದುಷ್ಕರ್ಮಿಗಳು ಕೈಹಾಕಿದ್ದರಿಂದ ಹಲವು ದಿನ ಕೈಬರಹದಲ್ಲೇ ಕೆಲಸ ಸಾಗಬೇಕಾಯಿತು. ಹಣವೊಂದರಿಂದಲೇ ಎಲ್ಲವೂ ಸರಿಹೋಗದು. ಅಮೆರಿಕದಲ್ಲಿ 2009ರ ಕಾಯಿದೆಯಂತೆ ವೈದ್ಯರಿಗೆ ಧನಸಹಾಯ ದೊರೆತು ಯಂತ್ರಗಳೇನೋ ಬಂದವು. ದಿನವೆಲ್ಲ ಕೀಲಿಮಣೆಯ ಮುಂದೆ ಕಳೆಯುವಂತಾಯಿತೆಂದು ಅಲ್ಲಿಯ ವೈದ್ಯರೂ ಗೊಣಗಿದರು.

ಹಾಗೆಂದು ಕೈಕಟ್ಟಿ ಕೂರುವಂತಿಲ್ಲ. ದಾಖಲೆಗಳನ್ನು ಗಣಕೀಕರಿಸಲು ಯತ್ನಿಸಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಗಳೇ ಹೇಳಿದ್ದವು. ಒಳರೋಗಿಯ ದಾಖಲೆಯನ್ನು 3 ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂಬುದೂ ಅಲ್ಲಿತ್ತು. 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಅನ್ವಯಿಸುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭವಾಯಿತು. ಅದರಲ್ಲಿ ಇಷ್ಟವಿದ್ದವರಿಗೆ 14 ಅಂಕೆಗಳ 'ಆಭಾ' ಸಂಖ್ಯೆ ದೊರೆಯುತ್ತದೆ. ರೋಗಿಯ ಒಪ್ಪಿಗೆಯಿದ್ದರೆ ಮಾತ್ರ ದಾಖಲೆ ಒಬ್ಬರಿಂದೊಬ್ಬರಿಗೆ ಹೋಗಬೇಕೆಂಬುದು ಅದರ ಕಟ್ಟಳೆ. ಆದರೆ ಡಾಕ್ಟರರು ಬರೆಯದಿದ್ದರೆ ಸಂಖ್ಯೆಯಿದ್ದೂ ಫಲವಿಲ್ಲ. ಹಣ ಕಟ್ಟದ ಪಾಸ್‌ಬುಕ್ಕಿನಂತೆ.

ಬಂಧುಗಳೇ, ಒಂದು ಕಾಲು ಊರಿನಲ್ಲಿ, ಒಂದು ಕಾಲು ಮುಂಬಯಿಯಲ್ಲಿ ಇಟ್ಟು ಬದುಕುವವರು ನಾವು. ನಮ್ಮ ಹಿರಿಯರು ತಮ್ಮ ನೋವನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತಾರೆ. ಇಲ್ಲಿಯ ಡಾಕ್ಟರರಿಗೆ ಅದು ಅರ್ಧವೇ ತಲುಪುತ್ತದೆ. ಆದ್ದರಿಂದ ನನ್ನದೊಂದು ವಿನಂತಿ. ಇಂದು ಮನೆಗೆ ಹೋದೊಡನೆ ಹಿರಿಯರ ಕಾಯಿಲೆ, ನಿತ್ಯದ ಮಾತ್ರೆ, ಒಗ್ಗದ ಔಷಧ ಈ ಮೂರನ್ನು ಒಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆದು, ಡಾಕ್ಟರರಿಗೆ ತೋರಿಸಿ, ಫೋನಿನಲ್ಲಿ ಅದರ ಚಿತ್ರ ಇಟ್ಟುಕೊಳ್ಳಿರಿ. ನಮ್ಮ ತರುಣರು ಬಿಡುವಿನಲ್ಲಿ ದವಾಖಾನೆಗೆ ಹೋಗಿ, ಡಾಕ್ಟರರಿಗೆ ಯಂತ್ರವನ್ನು ಕಲಿಸಿಕೊಡಲಿ. ಬೈದರೆ ಯಂತ್ರ ಬಾರದು, ಹೆಗಲು ಕೊಟ್ಟರೆ ಬಂದೀತು.

ನನ್ನ ತಂದೆಯವರ ಹಾಳೆ ಈಗ ನನ್ನ ಕಿಸೆಯಲ್ಲಿದೆ. ಅದನ್ನು ಕೇಳದೆಯೇ ಓದಬಲ್ಲ ದವಾಖಾನೆಗಾಗಿ ಕಾದಿದ್ದೇನೆ.